ಒಂದು ಲಿಂಕಿಗೆ ಮೂರು ಸಾವಿರ ಕೊಡ್ತಾರಂತೆ, ಹಾಕ್ಲಾ?

ರೊಟ್ಟಿಬುಟ್ಟಿ
ಎಲ್ಲರಿಗೂ ನಮಸ್ಕಾರ. ನಾನು ಗದಗ ಕಡೆಯಾಕಿ. ಏಳು ವರ್ಷದಿಂದ ಅಡುಗೆ ಬ್ಲಾಗ್ ಬರೀತೀನಿ, ಪೂರ್ತಿ ಕನ್ನಡದಾಗ. ಜೋಳದ ರೊಟ್ಟಿ, ಎಣ್ಣೆಗಾಯಿ, ಮಾದಲಿ, ಗುರೆಳ್ಳು ಚಟ್ನಿ, ನಮ್ಮವ್ವ ಮಾಡ್ತಿದ್ದ ಅಡುಗಿ ಅಷ್ಟೂ ಅದರಾಗ ಅದಾವ. ಹೋದ ವಾರ ಒಂದು ಏಜೆನ್ಸಿಯಿಂದ ಮೇಲ್ ಬಂತು. ಪಾತ್ರೆ ಆರಿಸೋದು ಹ್ಯಾಂಗ ಅಂತ ಅವರೇ ಬರೆದ ಲೇಖನ ಕಳಿಸ್ತಾರ, ನಾ ನನ್ನ ಹೆಸರಿನಾಗ ಹಾಕಬೇಕು. ನಡುವ ಒಂದು ನಾನ್‌ಸ್ಟಿಕ್ ತವಾ ಕಂಪನಿಗೆ ಲಿಂಕ್. 3000 ರೂಪಾಯಿ. ಷರತ್ತು ಎರಡು: ಲಿಂಕ್ ಡೂಫಾಲೋ ಇರಬೇಕು (ಅಂದ್ರ ಗೂಗಲ್ ಅದನ್ನ ಲೆಕ್ಕಕ್ಕ ಹಿಡಿಯೋ ಹಂಗ), ಜಾಹೀರಾತು ಅಂತ ಎಲ್ಲೂ ಬರೀಬಾರದು.

ಡೊಮೈನು, ಹೋಸ್ಟಿಂಗು ಎಲ್ಲಾ ನನ್ನ ಕೈಯಿಂದನ ಹೋಗ್ತದ. ಆ ದುಡ್ಡು ಬಂದ್ರ ಒಂದು ವರ್ಷದ ಖರ್ಚು ಕಳೀತದ. ಆದ್ರ ನಾ ರೊಟ್ಟಿ ಬೇಯಿಸೋದು ಕಬ್ಬಿಣದ ಹಂಚಿನ ಮ್ಯಾಲೆ. ನಾನ್‌ಸ್ಟಿಕ್ ನಮ್ಮನ್ಯಾಗ ಇಲ್ಲೇ ಇಲ್ಲ. ಏನ್ ಮಾಡ್ಲಿ, ತಿಳಿವಲ್ದು.

ಕಾವೇರಿತೀರ
ತಗೊಳ್ಳಿ. ಏಳು ವರ್ಷ ಪುಕ್ಕಟೆ ದುಡಿದಿದ್ದೀರಿ. ಪತ್ರಿಕೆಗಳು ಪುಟಗಟ್ಟಲೆ ಪುರವಣಿ ಮಾರಿಕೊಂಡೇ ಬದುಕಿರೋದು, ಅವರನ್ನ ಯಾರೂ ಕೇಳಲ್ಲ. ಮನೆ ಕೆಲಸ ಮುಗಿಸಿ, ರಾತ್ರಿ ಕೂತು ಫೋಟೋ ತೆಗೆದು, ಅಳತೆ ಸಮೇತ ಬರೆಯೋ ಹೆಣ್ಣುಮಕ್ಕಳು ಮೂರು ಕಾಸು ನೋಡಿದ ಕೂಡಲೇ ನಮಗೆ ನೈತಿಕತೆ ನೆನಪಾಗುತ್ತೆ. ಇದು ನನಗೆ ನಿಜವಾಗಿ ಸಿಟ್ಟು ತರಿಸೋ ವಿಷಯ. ಬರವಣಿಗೆಗೆ ಬೆಲೆ ಇದೆ, ಕೊಡೋರು ಬಂದಾಗ ತಗೋಬೇಕು.

ಸರ್ಚ್‌ಶಿವು
ಬೆಂಗಳೂರಲ್ಲಿ ಹನ್ನೊಂದು ವರ್ಷದಿಂದ ಎಸ್‌ಇಒ ಕೆಲಸ ಮಾಡ್ತಿದ್ದೀನಿ, ಅಂದರೆ ಗೂಗಲ್ ಹುಡುಕಾಟದಲ್ಲಿ ಸೈಟುಗಳನ್ನ ಮೇಲೆ ತರೋ ಕೆಲಸ. ಕಾವೇರಿತೀರ ಅವರೇ, ಬರವಣಿಗೆಗೆ ಬೆಲೆ ಇದೆ ಅನ್ನೋದು ನೂರಕ್ಕೆ ನೂರು ಸತ್ಯ. ಆದರೆ ಈ 3000 ಬರವಣಿಗೆಗಲ್ಲ, ಲೇಖನ ಅವರದೇ ಅಲ್ವಾ. ಅವರು ಕೊಳ್ತಿರೋದು ಮೇಡಂ ಅವರ ಓಟು.

ಗೂಗಲ್‌ನ ಬುನಾದಿ ಪೇಜ್‌ರ‍್ಯಾಂಕ್. ಒಂದು ಪುಟಕ್ಕೆ ಬರೋ ಲಿಂಕ್ ನೋಡಿ ಅದಕ್ಕೆ ಅಂಕ ಕೊಡೋ ಲೆಕ್ಕ ಅದು. 1998ರಲ್ಲಿ, ಗೂಗಲ್ ಕಟ್ಟಿದ ಲ್ಯಾರಿ ಪೇಜ್, ಸರ್ಗೇ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಅದರ ಬಗ್ಗೆ ಬರೆದ್ರು. ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದು "ಇವರ ಮಾತು ನಂಬಬಹುದು" ಅಂದ ಹಾಗೆ. ಅದಕ್ಕೇ ಲಿಂಕ್ ಮಾರಾಟದ ಸಂತೆ ಶುರುವಾಗಿದ್ದು. 2005ರಲ್ಲಿ ಕಾಮೆಂಟ್ ಸ್ಪ್ಯಾಮ್ ತಡೆಯೋಕೆ ನೋಫಾಲೋ ಅನ್ನೋ ಗುರುತು ಬಂತು, ಅಂದರೆ "ಲಿಂಕ್ ಇದೆ, ಓಟು ಅಂತ ಎಣಿಸಬೇಡಿ". ದುಡ್ಡು ಪಡೆದ ಲಿಂಕಿಗೆ ಅಂತಲೇ 2019ರ ಸೆಪ್ಟೆಂಬರ್‌ನಲ್ಲಿ ಸ್ಪಾನ್ಸರ್ಡ್ ಅನ್ನೋ ಗುರುತು ತಂದ್ರು. ಆ ಗುರುತು ಹಾಕಿದರೆ ದುಡ್ಡು ತಗೊಳ್ಳೋಕೆ ಗೂಗಲ್‌ನ ಯಾವ ಅಡ್ಡಿಯೂ ಇಲ್ಲ. ಅವರು ಡೂಫಾಲೋ ಬೇಕು, ಜಾಹೀರಾತು ಅಂತ ಬರೀಬೇಡಿ ಅಂದಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ?

ಲೀಡ್ಸ್‌ಶ್ರೀ
ಇದೇ ಆಟ ಇಲ್ಲಿ ಬ್ರಿಟನ್‌ನಲ್ಲಿ ದೊಡ್ಡ ಸುದ್ದಿಯಾಗಿತ್ತು. 2013ರ ಫೆಬ್ರವರಿ, ಇಂಟರ್‌ಫ್ಲೋರಾ ಅನ್ನೋ ಹೂವಿನ ಕಂಪನಿ. ಬ್ಲಾಗರ್‌ಗಳಿಗೆ ಹೂಗುಚ್ಛ ಕಳಿಸಿ ಲಿಂಕ್ ಹಾಕಿಸಿಕೊಂಡಿದ್ದರು, ಊರೂರಿನ ಪತ್ರಿಕೆಗಳ ವೆಬ್‌ಸೈಟುಗಳಲ್ಲಿ ಸುದ್ದಿಯಂಥ ಜಾಹೀರಾತು ಹಾಕಿಸಿದ್ದರು. ಪ್ರೇಮಿಗಳ ದಿನ ಮುಗಿದ ಮರುವಾರ, ಕಂಪನಿಯ ಹೆಸರನ್ನೇ ಹೊಡೆದು ಹುಡುಕಿದರೂ ಅವರ ಸೈಟ್ ಬರ್ತಿರಲಿಲ್ಲ. ನಾನಾಗ ಇಲ್ಲಿನ ಒಂದು ಮಾರ್ಕೆಟಿಂಗ್ ಆಫೀಸಿನಲ್ಲಿ ಹೊಸಬ. ಬೆಳಗ್ಗೆ ಬಂದವರೆಲ್ಲ ಮೊದಲು ಆ ಹೆಸರು ಹೊಡೆದು ನೋಡೋರು. ಸುಮಾರು 11 ದಿನದ ಮೇಲೆ, ಇಲ್ಲಿನ ತಾಯಂದಿರ ದಿನಕ್ಕೆ ಸ್ವಲ್ಪ ಮುಂಚೆ, ವಾಪಸ್ ಬಂತು. ಲಿಂಕ್ ಕೊಟ್ಟ ಪತ್ರಿಕೆಗಳ ಪೇಜ್‌ರ‍್ಯಾಂಕ್ ಕೂಡ ಕುಸಿದಿತ್ತು. ಕೊಂಡವರಿಗಷ್ಟೇ ಅಲ್ಲ, ಕೊಟ್ಟವರಿಗೂ ಏಟು ಬಿತ್ತು.

ಕಾವೇರಿತೀರ
ಅದು ದೊಡ್ಡವರ ಕಥೆ. ಕನ್ನಡ ಬ್ಲಾಗ್ ಕಡೆ ಗೂಗಲ್ ತಿರುಗಿಯೂ ನೋಡಲ್ಲ. ನನ್ನ ಪ್ರವಾಸ ಬ್ಲಾಗಿನಲ್ಲಿ ಇಂಥವು ಆರು ಹಾಕಿದ್ದೀನಿ, ಎರಡು ವರ್ಷ ಆಯ್ತು. ಏನೂ ಆಗಿಲ್ಲ.

ಸರ್ಚ್‌ಶಿವು
ಇರಬಹುದು, ಸುಳ್ಳು ಹೇಳಿ ಹೆದರಿಸೋಕೆ ನನಗಿಷ್ಟ ಇಲ್ಲ. 2012ರ ಏಪ್ರಿಲ್‌ನಲ್ಲಿ, ಲಿಂಕ್ ಮೋಸ ಹಿಡಿಯೋಕೆ ಗೂಗಲ್ ತಂದ ಪೆಂಗ್ವಿನ್ ಅಪ್‌ಡೇಟ್ ಬಂದಾಗ ಸೈಟ್‌ಗೆ ಸೈಟೇ ಕೆಳಗೆ ಬೀಳ್ತಿತ್ತು. 2016ರ ಸೆಪ್ಟೆಂಬರ್‌ನಿಂದ ರೀತಿ ಬೇರೆ: ಸಂಶಯದ ಲಿಂಕನ್ನ ಹೆಚ್ಚಾಗಿ ಎಣಿಸದೆ ಬಿಟ್ಟುಬಿಡುತ್ತೆ. ಹಾಗಾಗಿ ನಿಮಗೆ ಏನೂ ಆಗದೇ ಇರಬಹುದು. ಹಾಗಂದರೆ ದುಡ್ಡು ಕೊಟ್ಟ ಕಂಪನಿಗೂ ಏನೂ ಸಿಕ್ಕಿಲ್ಲ ಅಂತಲೇ ಅರ್ಥ. ಇನ್ನು ಗೂಗಲ್ ಸಿಬ್ಬಂದಿಯೇ ಕೂತು ನೋಡಿ ಕೊಡೋ ಶಿಕ್ಷೆ, ಮ್ಯಾನುಯಲ್ ಆಕ್ಷನ್ ಅನ್ನೋದು ಈಗಲೂ ಇದೆ, ಅದು ಬಂದರೆ ಸೈಟಿನ ಒಡೆಯರಿಗೆ ಅಂತ ಗೂಗಲ್ ಕೊಡೋ ಸರ್ಚ್ ಕನ್ಸೋಲ್‌ನಲ್ಲಿ ನೋಟಿಸ್ ಕಾಣುತ್ತೆ.

ನಾನೂ ಮೂರು ವರ್ಷ ಇಂಥ ಮೇಲ್ ಬರೆದವನೇ. ಎಕ್ಸೆಲ್ ಹಾಳೆಯಲ್ಲಿ ನಾನೂರು ಬ್ಲಾಗ್, ಪಕ್ಕದಲ್ಲಿ ಡಿಎ (ಡೊಮೈನ್ ಅಥಾರಿಟಿ) ನಂಬರ್, ಅಂದರೆ ಸೈಟಿನ ತೂಕ ಎಷ್ಟು ಅನ್ನೋ ಅಂಕ. ಆ ಡಿಎ ಮಾಜ್ ಅನ್ನೋ ಕಂಪನಿ ಹಾಕೋ ಅಂದಾಜು, ಗೂಗಲ್‌ನದ್ದಲ್ಲವೇ ಅಲ್ಲ. ಬ್ಲಾಗ್ ಓದದೆಯೇ "ನಿಮ್ಮ ಬರಹ ತುಂಬಾ ಇಷ್ಟವಾಯ್ತು" ಅಂತ ನಾನೂರು ಜನಕ್ಕೆ ಬರೆದೆ. ಒಬ್ಬರು ಕೇಳಿದ್ರು: ಯಾವ ಬರಹ? ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ತಿಂಗಳೇ ಆ ಕೆಲಸ ಬಿಟ್ಟೆ.

ಮಲೆನಾಡಮಳೆ
ನನ್ನ ಅನುಭವ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ. ನಾಲ್ಕು ವರ್ಷದ ಕೆಳಗೆ ಅಪ್ಪೆಮಿಡಿ ಉಪ್ಪಿನಕಾಯಿ ಬಗ್ಗೆ ಬರೆದಿದ್ದೆ. ನನ್ನ ಬ್ಲಾಗಿನಲ್ಲಿ ಎಲ್ಲರೂ ಓದೋದು ಅದನ್ನೇ. ಒಂದು ಏಜೆನ್ಸಿ ಬಂದು, ಅದರಲ್ಲೇ ಒಂದು ಸಾಲು ಸೇರಿಸಿ ಭರಣಿ ಮಾರೋ ಅಂಗಡಿಗೆ ಲಿಂಕ್ ಕೊಡಿ ಅಂದ್ರು. 2500 ಕೊಟ್ಟರು. ಆಗ ಲಿಂಕ್ ಒತ್ತಿ ನೋಡಿದ್ದೆ, ಚಂದದ ಪಿಂಗಾಣಿ ಭರಣಿಗಳೇ ಇದ್ದವು. ಆಮೇಲೆ ಮರೆತೇಬಿಟ್ಟೆ.

ಹೋದ ವರ್ಷ ಸಾಗರದಿಂದ ಒಬ್ಬ ನಿವೃತ್ತ ಮೇಷ್ಟ್ರು ಫೋನ್ ಮಾಡಿದರು. ಮೊದಲ ದಿನದಿಂದ ಓದ್ತಿರೋರು, ಮಿಡಿಗೆ ಉಪ್ಪು ಎಷ್ಟು ದಿನ ಹಿಡಿಬೇಕು ಅಂತ ನನ್ನನ್ನೇ ತಿದ್ದಿದವರು. "ಅಲ್ಲ ತಂಗಿ, ಭರಣಿ ಬೇಕು ಅಂತ ಒತ್ತಿದರೆ ಜೂಜಿನ ಪುಟ ಬರ್ತದಲ್ಲ, ಮೊಮ್ಮಗ ಪಕ್ಕದಲ್ಲೇ ಕೂತಿದ್ದ" ಅಂದರು. ಅಂಗಡಿ ಮುಚ್ಚಿ ಹೋಗಿತ್ತು, ಡೊಮೈನ್ ಅವಧಿ ಮುಗಿದಿತ್ತು, ಬೆಟ್ಟಿಂಗ್‌ನವರು ಅದನ್ನ ಕೊಂಡಿದ್ದರು. ಹಳೇ ಲಿಂಕುಗಳು ಸಿಗ್ತವೆ ಅಂತಲೇ ಇಂಥ ಡೊಮೈನ್ ಕೊಳ್ಳೋರು ಇದ್ದಾರಂತೆ. ಏಜೆನ್ಸಿಗೆ ಬರೆದ ಮೇಲ್ ವಾಪಸ್ ಬಂತು. ಗೂಗಲ್ ನನಗೆ ಯಾವ ಶಿಕ್ಷೆಯನ್ನೂ ಕೊಡಲಿಲ್ಲ. ಆದರೆ ಮೇಷ್ಟ್ರು ಮತ್ತೆ ಒಂದು ಕಾಮೆಂಟೂ ಹಾಕಿಲ್ಲ, ನನಗೆ ಹೆಚ್ಚು ನೋವಾಗಿದ್ದು ಅದಕ್ಕೆ.

ಚಳ್ಳಕೆರೆಗಾಣ
ಇಲ್ಲಿ ಕಂಪನಿ ಕಡೆಯವನು ನಾನೊಬ್ಬನೇ ಅನ್ಸುತ್ತೆ. ನಮ್ಮದು ಮರದ ಗಾಣ, ಕಡಲೆಕಾಯಿ ಎಣ್ಣೆ. ಊರಿಗೇ ಎಣ್ಣೆ ನಗರಿ ಅಂತ ಹೆಸರು, ಹಾಗಾಗಿ ಪೈಪೋಟಿಯೂ ಹಾಗೇ ಇದೆ. ಶುರುವಿನಲ್ಲಿ ಒಬ್ಬರು "100 ಲಿಂಕ್ ಪ್ಯಾಕೇಜ್" ಅಂತ 18 ಸಾವಿರ ತಗೊಂಡರು. ಬಂದ ಲಿಂಕುಗಳಲ್ಲಿ ಒಂದು ಕಾರು ಬಾಡಿಗೆ ಸೈಟು, ಒಂದು ಹಲ್ಲಿನ ಡಾಕ್ಟರದು. ಒಂದು ಲೀಟರ್ ಎಣ್ಣೆ ಹೆಚ್ಚಿಗೆ ಹೋಗಲಿಲ್ಲ.

ಕೆಲಸ ಮಾಡಿದ್ದು ಬೇರೆ. ದಾವಣಗೆರೆಯ ಒಬ್ಬರು ಬ್ಲಾಗಿನಲ್ಲಿ ಬರೆದಿದ್ದರು: ಗಾಣದೆಣ್ಣೆಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿದರೆ ನೊರೆ ಉಕ್ಕುತ್ತೆ, ತಳದಲ್ಲಿ ಗಸಿ ಇರುತ್ತೆ, ಕಲಬೆರಕೆಯೇನೋ ಅಂತ. ನಮ್ಮ ಎಣ್ಣೆಯೇ ಅದು. ಹೊಟ್ಟೆ ಉರೀತು. ಆದರೂ ಫೋನ್ ಮಾಡಿ, ರಿಫೈನ್ ಮಾಡದ ಎಣ್ಣೆಗೆ ನೊರೆ ಸಹಜ, ಡ್ರಮ್ಮಿನಲ್ಲಿ ಗಸಿ ಇಳಿಯೋಕೆ ಬಿಡೋ ದಿನ ಆ ಬ್ಯಾಚಿಗೆ ಕಡಿಮೆ ಆಗಿತ್ತು, ಅದು ನಮ್ಮದೇ ತಪ್ಪು ಅಂತ ಒಪ್ಪಿಕೊಂಡೆ. ಬಂದು ನೋಡಿ ಅಂದೆ. ಬಂದರು. ಅರ್ಧ ದಿನ ಗಾಣದ ಹತ್ತಿರ ನಿಂತು, ಹಿಂಡಿ ಕೈಯಲ್ಲಿ ಹಿಸುಕಿ ನೋಡಿ, ಫೋಟೋ ತೆಗೆದು ಬರೆದರು. ಗಸಿಯ ದೂರನ್ನೂ ತೆಗೆಯಲಿಲ್ಲ, ಕೆಳಗೆ ನನ್ನ ಉತ್ತರ ಸೇರಿಸಿದರು. ಇವತ್ತಿಗೂ ಆ ಒಂದು ಪುಟದಿಂದ ಆರ್ಡರ್ ಬರುತ್ತೆ. ಹೋಗುವಾಗ ಎರಡು ಲೀಟರ್ ಕೈಗೆ ಕೊಟ್ಟು ಕಳಿಸಿದೆ, ಅಷ್ಟೇ ನನ್ನ ಖರ್ಚು.

ಸರ್ಚ್‌ಶಿವು
ಓದಿ ಖುಷಿಯಾಯ್ತು. ಒಂದು ಮಾತು ಮಾತ್ರ: ಆ ಎರಡು ಲೀಟರ್ ಲೆಕ್ಕಕ್ಕೆ ಬರುತ್ತೆ. ಪುಕ್ಕಟೆ ಸಾಮಾನು ಪಡೆದು ಬರೆಯೋ ಬ್ಲಾಗರ್‌ಗಳಿಗೆ ಅಂತಲೇ ಗೂಗಲ್ 2016ರ ಮಾರ್ಚ್‌ನಲ್ಲಿ ಬರೆದಿತ್ತು: ಲಿಂಕಿಗೆ ನೋಫಾಲೋ ಹಾಕಿ, ಸಾಮಾನು ಬಂದಿದ್ದನ್ನ ಓದುಗರಿಗೆ ಹೇಳಿ. ನಮ್ಮ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯೂ ದುಡ್ಡಿನ ಜೊತೆ ಉಡುಗೊರೆಯನ್ನೂ ಸೇರಿಸುತ್ತೆ. ಕಣ್ಣಿಗೆ ಬೀಳೋ ಹಾಗೆ ಹೇಳಬೇಕು, ಹ್ಯಾಶ್‌ಟ್ಯಾಗ್ ರಾಶಿಯಲ್ಲಿ ಹೂತಿಡಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ.

ಚಳ್ಳಕೆರೆಗಾಣ
ಇದು ನನಗೆ ಒಪ್ಪಿಗೆ ಆಗ್ತಿಲ್ಲ ಶಿವು. ಮನೆಗೆ ಬಂದವರನ್ನ ಬರಿಗೈಲಿ ಕಳಿಸಲ್ಲ ನಾವು. ಅದನ್ನ ಲಂಚದ ಸಾಲಿಗೆ ಸೇರಿಸಿದರೆ ಹೇಗೆ?

ಮಲೆನಾಡಮಳೆ
ಲಂಚ ಅಂತ ಯಾರೂ ಅನ್ನಲಿಲ್ಲ ಅಣ್ಣ. ಮದುವೆ ಮನೆಯಲ್ಲಿ ಮುಯ್ಯಿ ಕೊಟ್ಟರೂ ಬರೆದಿಡ್ತೀವಲ್ಲ, ಹಾಗೇ. "ಹೊರಡುವಾಗ ಎರಡು ಲೀಟರ್ ಎಣ್ಣೆ ಕೊಟ್ಟರು" ಅಂತ ಅವರು ಒಂದು ಸಾಲು ಬರೆದರೆ ನನಗೆ ಆ ಲೇಖನದ ಮೇಲೆ ನಂಬಿಕೆ ಹೆಚ್ಚಾಗುತ್ತೆ, ಕಡಿಮೆ ಆಗಲ್ಲ.

ಚಳ್ಳಕೆರೆಗಾಣ
ಹಾಗೆ ಹೇಳಿದರೆ ಸರಿ. ಅವರಿಗೆ ಇವತ್ತೇ ಫೋನ್ ಮಾಡಿ ಸೇರಿಸೋಕೆ ಹೇಳ್ತೀನಿ.

ಸರ್ಚ್‌ಶಿವು
ರೊಟ್ಟಿಬುಟ್ಟಿ ಮೇಡಂ, ನಿಮ್ಮ ಬ್ಲಾಗ್ ಈಗ ನೋಡಿ ಬಂದೆ. ಮಾರೋ ಲಿಂಕಿಗಿಂತ ದೊಡ್ಡ ಗಳಿಕೆ ನಿಮ್ಮ ಹತ್ತಿರವೇ ಇದೆ. ನೀವು ಎಲ್ಲಾ ಕಡೆ ಗುರೆಳ್ಳು ಅಂತಲೇ ಬರೆದಿದ್ದೀರಿ. ಮೈಸೂರು, ತುಮಕೂರು ಕಡೆಯವರು ಅದನ್ನೇ ಹುಚ್ಚೆಳ್ಳು ಅಂತ ಹುಡುಕ್ತಾರೆ. ನಿಮ್ಮ ಶೇಂಗಾ ಅವರಿಗೆ ಕಡಲೆಕಾಯಿ. ಎಣ್ಣೆಗಾಯಿಯನ್ನ ಎಣಗಾಯಿ ಅಂತ ಬರೆಯೋರೂ ಇದ್ದಾರೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆಯೋರಂತೂ ಬಹಳ. ಮೊದಲ ಪ್ಯಾರಾದಲ್ಲಿ "ನಮ್ಮ ಕಡೆ ಗುರೆಳ್ಳು, ಹಳೇ ಮೈಸೂರು ಕಡೆ ಹುಚ್ಚೆಳ್ಳು" ಅಂತ ಒಂದೇ ಮಾತು ಸೇರಿಸಿ. ಅದು ಹುಡುಕುವವರಿಗೂ ದಾರಿ, ಓದುವವರಿಗೂ ಒಂದು ಹೊಸ ಪದ.

ಇನ್ನೊಂದು, ಪುಟದ ವಿಳಾಸ. ಕನ್ನಡ ವಿಳಾಸ ಗೂಗಲ್‌ಗೆ ಅರ್ಥವಾಗುತ್ತೆ, ತೊಂದರೆ ಇಲ್ಲ. ಆದರೆ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದಾಗ ಯುನಿಕೋಡಿನ (ಎಲ್ಲಾ ಕಂಪ್ಯೂಟರಿಗೂ ಅರ್ಥವಾಗೋ ಅಕ್ಷರ ಸಂಕೇತದ) ಒಂದೊಂದು ಚಿಹ್ನೆಯೂ ಒಂಬತ್ತು ಅಕ್ಷರದ ಶೇಕಡಾ ಗುರುತಿನ (%) ಸರಪಳಿ ಆಗಬಹುದು. "ಜೋಳದ ರೊಟ್ಟಿ" ಅಷ್ಟಕ್ಕೇ ತೊಂಬತ್ತು ಅಕ್ಷರ. ನೋಡಿದವರು ವೈರಸ್ ಅಂದುಕೊಂಡು ಒತ್ತೋದೇ ಇಲ್ಲ. ಹೊಸ ಲೇಖನಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕ ವಿಳಾಸ ಕೊಡಿ. ಹಳೇದನ್ನ ಮುಟ್ಟಬೇಡಿ, ರೀಡೈರೆಕ್ಟ್ (ಹಳೇ ವಿಳಾಸದಿಂದ ಹೊಸದಕ್ಕೆ ಕಳಿಸೋ ಏರ್ಪಾಡು) ಇಲ್ಲದೆ ಬದಲಾಯಿಸಿದರೆ ಈಗಿರೋ ಲಿಂಕೂ ಮುರಿಯುತ್ತೆ.

ಮಲೆನಾಡಮಳೆ
ಇದಕ್ಕೆ ನನ್ನದೂ ಒಂದು. 2007ರ ಸುಮಾರಿಗೆ ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಹಾಗೇ ಹಾಕಿದ್ದ ಹಳೇ ಬರಹಗಳಿದ್ದವು, ಯುನಿಕೋಡ್ ಅಲ್ಲ. ಆ ಫಾಂಟ್ ಇಲ್ಲದವರಿಗೆ ಕಾಣೋದು ಬರೀ ಗೊಜಲು ಅಕ್ಷರ, ಹುಡುಕಿದರೆ ಸಿಗುವ ಮಾತೇ ಇಲ್ಲ. ಈ ಬೇಸಿಗೆಯಲ್ಲಿ ನಲವತ್ತು ಲೇಖನ ಯುನಿಕೋಡ್‌ಗೆ ತಂದೆ. ಕಳಲೆ ಪಲ್ಯದ ಲೇಖನಕ್ಕೆ ಎಷ್ಟೋ ವರ್ಷದ ಮೇಲೆ ಮೊದಲ ಕಾಮೆಂಟ್ ಬಂತು.

ಕಾವೇರಿತೀರ
ಎಲ್ಲಾ ಸರಿ, ಕಲಿಯೋದೂ ಇದೆ. ನನ್ನ ಆರು ಲಿಂಕುಗಳನ್ನ ಇವತ್ತು ಒತ್ತಿ ನೋಡಿದೆ, ಎರಡು ಸತ್ತಿವೆ, ತೆಗೆದೆ. ಆದರೆ ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಹುಚ್ಚೆಳ್ಳು ಅಂತ ಸೇರಿಸಿದರೆ ಓದುಗರು ಬರ್ತಾರೆ, ಹೋಸ್ಟಿಂಗ್ ಬಿಲ್ ಯಾರು ಕಟ್ತಾರೆ? ಕನ್ನಡದಲ್ಲಿ ಒಳ್ಳೆಯದು ಬರೆಯೋರು ಕೈಯಿಂದ ಹಾಕಿ ಹಾಕಿ ಸುಸ್ತಾಗಿ ನಿಲ್ಲಿಸಿದ್ದನ್ನ ಹತ್ತಾರು ಕಡೆ ನೋಡಿದ್ದೀನಿ. ಡೊಮೈನ್ ಹೋದರೆ ಬರಹವೂ ಹೋಯ್ತು.

ರೊಟ್ಟಿಬುಟ್ಟಿ
ಎಲ್ಲಾ ಓದೀನಿ, ಎರಡೆರಡು ಸಲ. ಏಜೆನ್ಸಿಗೆ ಹಿಂಗ ಬರೆದೆ: ಲೇಖನ ನಾನ ಬರೀತೀನಿ, ತವಾ ಕಳಸ್ರಿ, ಒಂದು ತಿಂಗಳು ರೊಟ್ಟಿ ಮಾಡಿ ನೋಡಿದ್ದನ್ನ ಬರೀತೀನಿ, ಮ್ಯಾಲೆ ಜಾಹೀರಾತು ಅಂತ ಇರ್ತದ, ಲಿಂಕಿಗೆ ಸ್ಪಾನ್ಸರ್ಡ್ ಗುರುತು ಇರ್ತದ. ಹತ್ತು ನಿಮಿಷದಾಗ ಉತ್ತರ ಬಂತು: ಕ್ಲೈಂಟ್ ಒಪ್ಪಲ್ಲ. ಅಷ್ಟಕ್ಕ ಮುಗೀತು.

ಗುರೆಳ್ಳು ಚಟ್ನಿಗೆ ಹುಚ್ಚೆಳ್ಳು ಅಂತ ಸೇರಿಸೀನಿ. ಕಾವೇರಿತೀರ ಅಕ್ಕಾರ, ನೀವು ಕೇಳಿದ್ದು ಖರೇ ಅದ. ನನಗೂ ಗೊತ್ತಿಲ್ಲ ಬಿಲ್ ಯಾರು ಕಟ್ಟತಾರಂತ.

ಚಳ್ಳಕೆರೆಗಾಣ
ಈ ವರ್ಷದ್ದು ನಾವು ಕಟ್ತೀವಿ. "ಈ ವರ್ಷದ ಹೋಸ್ಟಿಂಗ್ ಖರ್ಚು ಕೊಟ್ಟವರು" ಅಂತ ಮೇಲೆ ನಮ್ಮ ಹೆಸರು ಹಾಕಿ, ಶಿವು ಹೇಳಿದ ಗುರುತೂ ಇರಲಿ. ಲೇಖನ ಏನೂ ಬರೀಬೇಡಿ.

ರೊಟ್ಟಿಬುಟ್ಟಿ
ಅಣ್ಣಾರ, ದೊಡ್ಡ ಮಾತು ಆಡಿದ್ರಿ. ಆದ್ರ ಮೊದಲ ಒಂದು ಲೀಟರ್ ಎಣ್ಣಿ ಕಳಸ್ರಿ, ರೊಕ್ಕ ನಾ ಕೊಡ್ತೀನಿ. ಪಂಚಮಿ ಬಂತು, ಮನಿಯಾಗ ಚಕ್ಕುಲಿ ಕರಿಯೋದದ. ನೊರೆ ಎಷ್ಟು ಬರ್ತದ ನೋಡಿ ಹೇಳ್ತೀನಿ.