ಆ ಕಿವಿಯನ್ನು ಯಾಕೆ ಕತ್ತರಿಸಿ ಹಾಕಿದೆ ಪುಟ್ಟಿ?

ಪುಟ್ಟಿ, ನಾನು ದೊಡ್ಡಪ್ಪ. ಟೈಪ್ ಮಾಡೋಣ ಅಂತ ಕೂತೆ, ಎರಡು ಸಾಲಿಗೇ ಬೆರಳು ಸೋತಿತು. ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಇರುವವರು ಆಮೇಲೆ ಕೇಳಿ.

ನಿನ್ನೆ ರಾತ್ರಿ ನೀನು ಹಾಕಿದ ಆನೆಯ ವಿಡಿಯೊ ನೋಡಿದೆ. ಮೂರು ಗಂಟೆಯ ಕೆಲಸ, 40 ಸೆಕೆಂಡಿನ ವಿಡಿಯೊ. ಗುಂಪಿನಲ್ಲಿ ಎಲ್ಲರೂ ಸೂಪರ್ ಅಂದಿದ್ದಾರೆ, ಅಜ್ಜಿ ಮೂರು ಸಲ ಗುಲಾಬಿ ಹೂವು ಕಳಿಸಿದ್ದಾರೆ. ಆದರೆ ಕೆಳಗೆ ನೀನೇ ಕೇಳಿದ್ದೀಯಲ್ಲ, ಕೈ ಅಡ್ಡ ಬರುತ್ತಿದೆ, ಕಾಗದ ಹಳದಿ ಕಾಣುತ್ತಿದೆ, ಆನೆ ಯಾಕೋ ರಬ್ಬರ್ ಬೊಂಬೆ ಥರ ಇದೆ ಅಂತ. ಅದಕ್ಕೆ ಒಬ್ಬರೂ ಉತ್ತರ ಕೊಟ್ಟಿಲ್ಲ. ಇಷ್ಟು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನಿಗೆ ಸುಮ್ನೆ ಇರೋಕೆ ಆಗುತ್ತದಾ?

ಮೊದಲು ಆನೆ. 'ನಮ್ಮ ಅಂಬಾರಿ ಆನೆ' ಅಂತ ಬರೆದಿದ್ದೀಯ. ಪುಟ್ಟಿ, ಅದು ನಮ್ಮದಲ್ಲ, ಆಫ್ರಿಕಾದ್ದು! ಕಿವಿ ಹೆಗಲನ್ನೇ ಮುಚ್ಚುವಷ್ಟು ದೊಡ್ಡದಿದೆ. ಬೆನ್ನು ನಡುವೆ ತಗ್ಗಿದೆ. ನಮ್ಮ ಆನೆಯ ಬೆನ್ನು ಉಬ್ಬಿರುತ್ತದೆ, ನೆತ್ತಿಯ ಮೇಲೆ ಎರಡು ಗುಬ್ಬೆ ಎದ್ದು ಕಾಣುತ್ತವೆ, ಕಿವಿ ಚಿಕ್ಕದು. ಸೊಂಡಿಲಿನ ತುದಿ ನೋಡು. ನಮ್ಮದಕ್ಕೆ ಅಲ್ಲಿ ಒಂದೇ ಬೆರಳಿನಂಥದ್ದು, ಆಫ್ರಿಕಾದ್ದಕ್ಕೆ ಎರಡು. ನೀನು ಎರಡು ಬಿಡಿಸಿದ್ದೀಯ. ಫೋನಿನಲ್ಲಿ ಆನೆ ಅಂತ ಹುಡುಕಿ, ಮೊದಲು ಸಿಕ್ಕ ಫೋಟೊ ಇಟ್ಟುಕೊಂಡಿರಬೇಕು, ಅಲ್ವಾ?

ಬೇಜಾರು ಮಾಡಿಕೊಳ್ಳಬೇಡ. ಜರ್ಮನಿಯ ದೊಡ್ಡ ಚಿತ್ರಕಾರ ಡ್ಯೂರರ್ ಅಂಥವನಿಗೇ ಹೀಗಾಗಿದೆ. 1515ರಲ್ಲಿ ಇಲ್ಲೇ ಪಕ್ಕದ ಗೋವಾದಿಂದ ಪೋರ್ಚುಗೀಸರು ಒಂದು ಘೇಂಡಾಮೃಗವನ್ನು ಹಡಗಿನಲ್ಲಿ ಲಿಸ್ಬನ್‌ಗೆ ಸಾಗಿಸಿದರು. ಡ್ಯೂರರ್ ಅದನ್ನು ಕಣ್ಣಾರೆ ನೋಡಲೇ ಇಲ್ಲ. ಯಾರೋ ಬರೆದು ಕಳಿಸಿದ ವರ್ಣನೆ, ಒಂದು ಸ್ಕೆಚ್, ಅಷ್ಟನ್ನೇ ನಂಬಿ ಬಿಡಿಸಿದ. ಮೈಗೆ ಕಬ್ಬಿಣದ ಕವಚ ತೊಡಿಸಿದ ಹಾಗಿದೆ, ಹೆಗಲ ಮೇಲೆ ಇಲ್ಲದ ಒಂದು ಪುಟ್ಟ ಕೊಂಬು ಬೇರೆ. ಯುರೋಪಿನವರು ಎಷ್ಟೋ ಕಾಲ ಘೇಂಡಾಮೃಗ ಹಾಗೇ ಇರುತ್ತದೆ ಅಂತ ನಂಬಿದ್ದರು. ಅವನಿಗೆ ಬೇರೆ ದಾರಿ ಇರಲಿಲ್ಲ. ನಿನಗೆ ಮೈಸೂರಿಗೆ ಮೂರು ಗಂಟೆಯ ರೈಲು ಇದೆ.

ಇನ್ನು ಬೊಂಬೆ ಥರ ಯಾಕೆ ಅಂದರೆ, ಚರ್ಮದ ಗೆರೆಗಳನ್ನೆಲ್ಲ ನೀನು ನೇರ ಅಡ್ಡಗೆರೆ ಎಳೆದಿದ್ದೀಯ. ಸೊಂಡಿಲು ಉರುಟಾಗಿದೆ. ಗೆರೆಯೂ ಅದನ್ನು ಬಳೆಯಂತೆ ಸುತ್ತಬೇಕು, ಅಂಚಿಗೆ ಬಂದಾಗ ಬಾಗಬೇಕು. ವಿಜಯದಶಮಿಯ ದಿನ ಕಲಾವಿದರು ಆನೆಗಳ ಹಣೆ, ಸೊಂಡಿಲು, ಕಿವಿಗೆ ಬಣ್ಣ ಬರೆಯುತ್ತಾರಲ್ಲ, ಅವರ ಬ್ರಷ್ ಗಮನಿಸು. ಒಂದು ಬಳ್ಳಿ ಬರೆದರೂ ಅದು ಆ ಉಬ್ಬುತಗ್ಗಿನ ಜೊತೆಗೇ ಹರಿಯುತ್ತದೆ. ಸೊಂಡಿಲಿನ ಆಕಾರವನ್ನು ಅದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ.

ಕಪ್ಪು ಜಾಗಕ್ಕೆ 8ಬಿ ಅನ್ನುವ ಮೆದು, ಕಡುಗಪ್ಪು ಪೆನ್ಸಿಲ್ ಒತ್ತಿ ಒತ್ತಿ ತಿಕ್ಕಿದ್ದೀಯ. ಪೆನ್ಸಿಲ್ ಸೀಸ ಬೆಳಕಿಗೆ ಹೊಳೆಯುತ್ತದೆ. ಅದಕ್ಕೇ ವಿಡಿಯೊದಲ್ಲಿ ಹೊಟ್ಟೆಯ ಕೆಳಗೆ ಕಪ್ಪಿರಬೇಕಾದ್ದು ಬೂದಿ ಬಣ್ಣ ಕಾಣುತ್ತಿದೆ. ಗಾಢ ಕಪ್ಪಿಗೆ ಇದ್ದಿಲು ಹಿಡಿ, ಅದು ಹೊಳೆಯುವುದಿಲ್ಲ. ಆದರೆ ಪೆನ್ಸಿಲ್ ತಿಕ್ಕಿದ ಜಾಗದ ಮೇಲೆ ಇದ್ದಿಲು ಕೂರುವುದಿಲ್ಲ, ಜಾರುತ್ತದೆ. ಮೊದಲು ಇದ್ದಿಲು, ಆಮೇಲೆ ಪೆನ್ಸಿಲ್. ಮೈಸೂರು ಶೈಲಿಯ ಚಿತ್ರಗಾರರು ಮೊದಲ ರೇಖೆಗೆ ಹುಣಸೆ ಕಡ್ಡಿ ಸುಟ್ಟ ಇದ್ದಿಲನ್ನೇ ಬಳಸುತ್ತಿದ್ದರು. ತಪ್ಪಾದರೆ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಆಯಿತು. ನನ್ನ ಡಬ್ಬಿಯಲ್ಲಿ ನಾಲ್ಕು ತುಂಡಿವೆ, ಕೊಡುತ್ತೇನೆ. ಬಾಲದ ಕೂದಲು ಬಿಳಿಯಾಗಿ ಉಳಿಯಬೇಕು ಅಂದೆಯಲ್ಲ, ಖಾಲಿ ರೀಫಿಲ್‌ನಿಂದ ಮೊದಲೇ ಗೀರು ಹಾಕಿಬಿಡು. ಮೇಲೆ ಪೆನ್ಸಿಲ್ ಮಲಗಿಸಿ ಆಡಿಸಿದರೆ ಆ ಗೀರುಗಳು ಬೆಳ್ಳಗೇ ಉಳಿಯುತ್ತವೆ. ಹುಲಿ ಮೀಸೆಗೂ ಇದೇ ಉಪಾಯ.

ಹಾಂ, ಜಲವರ್ಣಕ್ಕೆ ಬ್ರಷ್ ತಗೊಳ್ಳುತ್ತೇನೆ ಅಂದಿದ್ದೆ. ಯಾರಾದರೂ ಮುಂಗುಸಿ ಕೂದಲಿನ ಬ್ರಷ್ ತೋರಿಸಿದರೆ ಮುಟ್ಟಬೇಡ. 1972ರ ವನ್ಯಜೀವಿ ಕಾಯ್ದೆಯಲ್ಲಿ ಮುಂಗುಸಿಗೆ ರಕ್ಷಣೆ ಇದೆ, ಅದರ ಕೂದಲಿನ ವ್ಯಾಪಾರ ಅಪರಾಧ. ಪ್ರಾಣಿ ಬಿಡಿಸೋಕೆ ಪ್ರಾಣಿ ಕೊಲ್ಲುವುದಾ? ನೈಲಾನ್ ಸಾಕು.

ಈಗ ವಿಡಿಯೊ. ನಿಮ್ಮಪ್ಪ ಕೇಳಿದ್ದಾನೆ, ಹೊಸ ಕ್ಯಾಮೆರಾ ಕೊಡಿಸಬೇಕಾ ಅಣ್ಣ ಅಂತ. ಬೇಡ ಮಾರಾಯ. ಕಿಟಕಿ ಪಕ್ಕ ಮೇಜು ಹಾಕಿಕೊಡು. ಪುಟ್ಟಿ ಬಲಗೈಯಲ್ಲಿ ಬರೆಯುವವಳು, ಕಿಟಕಿ ಎಡಕ್ಕಿದ್ದರೆ ಕೈ ನೆರಳು ಚಿತ್ರದ ಮೇಲೆ ಬೀಳುವುದಿಲ್ಲ. ಬಲ್ಬ್ ಆರಿಸಿದರೆ ಹಳದಿಯೂ ಹೋಗುತ್ತದೆ. ರಾತ್ರಿಯೇ ಮಾಡಬೇಕು ಅಂದರೆ ಫೋನನ್ನು ಸೆಕೆಂಡಿಗೆ 25 ಫ್ರೇಮ್‌ಗೆ, ಅಂದರೆ 25 ಬಿಡಿ ಚಿತ್ರಕ್ಕೆ ಇಡು. ನಮ್ಮ ಮನೆ ಕರೆಂಟು 50 ಹರ್ಟ್ಜ್, 30 ಫ್ರೇಮ್ ಇಟ್ಟರೆ ಕೆಲವು ಟ್ಯೂಬ್‌ಲೈಟಿನಲ್ಲಿ ಪಟ್ಟೆ ಪಟ್ಟೆ ಓಡುತ್ತದೆ. ಪರದೆ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್, ಬೆಳಕು ಎರಡೂ ಲಾಕ್ ಮಾಡು. ಇಲ್ಲದಿದ್ದರೆ ಕೈ ಬಂದಾಗೊಮ್ಮೆ ಕಾಗದ ಬೆಳ್ಳಗಾಗಿ ಕಪ್ಪಾಗಿ ಕಣ್ಣು ಮಿಟುಕಿಸುತ್ತದೆ. ಮೇಲಿನ ಫ್ಯಾನ್ ನಿಲ್ಲಿಸು, ಸ್ಟ್ಯಾಂಡ್ ಅಲುಗುತ್ತದೆ. ಏರೋಪ್ಲೇನ್ ಮೋಡ್ ಹಾಕು. ನಾನು ಒಮ್ಮೆ ಎರಡು ಗಂಟೆ ಕೂತು ಹುಲಿ ಬಿಡಿಸಿದೆ. ಇಪ್ಪತ್ತನೇ ನಿಮಿಷಕ್ಕೆ ಲೋನ್ ಬೇಕಾ ಸಾರ್ ಅಂತ ಫೋನು, ರೆಕಾರ್ಡಿಂಗ್ ಅಲ್ಲಿಗೇ ನಿಂತಿದೆ, ನನಗೆ ಗೊತ್ತೇ ಇಲ್ಲ. ಹುಲಿಗೆ ಒಂದೇ ಕಣ್ಣು!

ಕೈ ಅಡ್ಡ ಬರುವುದು ಹಳೆಯ ತೊಂದರೆ. ಪಿಕಾಸೊ ಚಿತ್ರ ಬಿಡಿಸುವುದನ್ನು ಕ್ಲೂಜೊ ಅನ್ನುವ ಫ್ರೆಂಚ್ ನಿರ್ದೇಶಕ ಸಿನಿಮಾ ಮಾಡಿದ, 1956ರಲ್ಲಿ ಬಂತು. ಇಂಕು ಹಿಂದಕ್ಕೆ ಇಳಿಯುವಂಥ ಕಾಗದ, ಕ್ಯಾಮೆರಾ ಆ ಕಡೆಯಿಂದ. ಕೈಯೇ ಕಾಣುವುದಿಲ್ಲ, ಗೆರೆ ತಾನಾಗಿ ಹುಟ್ಟುತ್ತದೆ. ಹೂವು ಮೀನಾಗುತ್ತದೆ, ಮೀನು ಕೋಳಿಯಾಗುತ್ತದೆ. ನಿನಗೆ ಅಷ್ಟೆಲ್ಲ ಬೇಡ. ಫೋನನ್ನು ನೆತ್ತಿಯ ಮೇಲಿನಿಂದ ತೆಗೆದು, ಎಡಗಡೆಯಿಂದ ಸ್ವಲ್ಪ ಓರೆಯಾಗಿ ಇಡು. ಇನ್ನು ವಿಡಿಯೊದ ವೇಗ. ಐದು ಸೆಕೆಂಡಿಗೆ ಒಂದು ಫ್ರೇಮ್ ಹಿಡಿದರೆ ಮೂರು ಗಂಟೆಗೆ 2,160 ಫ್ರೇಮ್, ಅಂದರೆ ಸೆಕೆಂಡಿಗೆ 30 ಫ್ರೇಮ್ ಓಡಿಸಿದರೆ 72 ಸೆಕೆಂಡು. ಎರಡು ಸೆಕೆಂಡಿಗೆ ಒಂದು ಹಿಡಿ, ಮೂರು ನಿಮಿಷ ಬರುತ್ತದೆ. ನಮಗೇನು ಅವಸರ?

ಈಗ ನಾನು ಹೇಳಬೇಕು ಅಂತ ಶುರು ಮಾಡಿದ್ದು. 11ನೇ ಸೆಕೆಂಡಿನಲ್ಲಿ ನಿಲ್ಲಿಸಿ ನೋಡಿದೆ, ಕಿವಿ ಇಲ್ಲ. ಮುಂದಿನ ಕ್ಷಣ ದೊಡ್ಡ ಕಿವಿ ಬಂದುಬಿಟ್ಟಿದೆ. ನಡುವೆ ಕತ್ತರಿಸಿದ್ದೀಯ. ದೊಡ್ಡದು ಮಾಡಿ ನೋಡಿದರೆ ಅಲ್ಲಿ ಅಳಿಸಿದ ಕಲೆ ಇದೆ, ಅದರ ಆಕಾರವೂ ಮಬ್ಬಾಗಿ ಕಾಣುತ್ತದೆ. ಪುಟ್ಟಿ, ಆ ಅಳಿಸಿದ ಕಿವಿ ಚಿಕ್ಕದು! ನಮ್ಮ ಆನೆಯ ಕಿವಿ! ಚಿಕ್ಕಂದಿನಲ್ಲಿ ನನ್ನ ಹೆಗಲ ಮೇಲೆ ಕೂತು ಜಂಬೂಸವಾರಿ ನೋಡಿದ್ದೆಯಲ್ಲ, ನಿನ್ನ ಕೈಗೆ ಅದು ನೆನಪಿತ್ತು. ಆಮೇಲೆ ಫೋಟೊ ನೋಡಿ, ತಪ್ಪಾಯಿತು ಅಂತ ಅಳಿಸಿದೆ. ಅಳಿಸಿದ್ದು ಯಾರಿಗೂ ಕಾಣದಿರಲಿ ಅಂತ ವಿಡಿಯೊದಿಂದಲೂ ತೆಗೆದೆ. ಇಡೀ ವಿಡಿಯೊದಲ್ಲಿ ನಾನು ನೋಡಬೇಕಾಗಿದ್ದೇ ಆ ತುಂಡು.

ಅದು ಫೋನಿನಲ್ಲಿ ಇನ್ನೂ ಇದ್ದರೆ ಡಿಲೀಟ್ ಮಾಡಬೇಡ, ನನಗೆ ಕಳಿಸು. ಗುಂಪಿಗೆ ಹಾಕಲು ನಾಚಿಕೆಯಾದರೆ ನನಗೊಬ್ಬನಿಗೇ ಹಾಕು. ಭಾನುವಾರ ಮೊದಲ ರೈಲಿಗೆ ಹೊರಡಬೇಡ, ಶನಿವಾರ ರಾತ್ರಿಯೇ ಬಾ. ದಸರಾ ಆನೆಗಳು ಬಂದಿವೆ, ಬೆಳಿಗ್ಗೆ ಅರಮನೆಯಿಂದ ಬನ್ನಿಮಂಟಪದ ತನಕ ತಾಲೀಮು. ರಸ್ತೆ ಬದಿ ನಿಂತು ಬರೀ ಕಿವಿ ಬಿಡಿಸೋಣ, ಹತ್ತು ಕಿವಿ. ಸ್ಟ್ಯಾಂಡ್ ತರಬೇಡ, ಜನ ಜಾಸ್ತಿ, ಎಡವುತ್ತಾರೆ. ಫೋನು ನಾನು ಹಿಡಿದುಕೊಳ್ಳುತ್ತೇನೆ. ಕೈ ನಡುಗುತ್ತದೆ, ಅಷ್ಟೇ.