ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಪ್ಲಾಂಟ್) ಇದ್ರೂ ಕೆರೆ ಯಾಕೆ ಹಾಳಾಗುತ್ತೆ? ಬೆಳ್ಳಂದೂರಿಂದ ಕೋಲಾರದ ತನಕ

ವರ್ತೂರು_ನಿವಾಸಿ: ಬೆಂಗಳೂರಿನ ಬೆಳ್ಳಂದೂರು ಕೆರೆಗೆ 2015ರಲ್ಲಿ ಬೆಂಕಿ ಬಿತ್ತು, ಆಮೇಲೆ 2017, 2018ರಲ್ಲೂ ಬಿತ್ತು. ಮಳೆ ಬಂದ್ರೆ ನೊರೆ ರೋಡ್ ಮೇಲೆ ಹಾರ್ಕೊಂಡು ಬಂದು ಬೈಕಲ್ಲಿ ಹೋಗೋರ ಮುಖಕ್ಕೆ ಬಡೀತಿತ್ತು. ಪಕ್ಕದಲ್ಲೇ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಪ್ಲಾಂಟ್ ಇತ್ತಲ್ಲ, ಏನ್ ಪ್ರಯೋಜನ ಆಯ್ತು? ಇನ್ನೂ ಪ್ಲಾಂಟ್ ಕಟ್ಟೋದು ದುಡ್ಡು ದಂಡ ಅಂತೀನಿ.

ಆಪರೇಟರ್_ಮಂಜು: ಸರ್, ಪ್ಲಾಂಟಿಗೆ ಬಂದ ನೀರನ್ನಷ್ಟೇ ಪ್ಲಾಂಟ್ ಶುದ್ಧ ಮಾಡೋದು. ಎಷ್ಟೋ ಬಡಾವಣೆಗೆ ಯುಜಿಡಿ (ಒಳಚರಂಡಿ) ಲೈನೇ ಇರ್ಲಿಲ್ಲ, ಕಕ್ಕಸು ಬಚ್ಚಲು ಎಲ್ಲಾ ಸೀದಾ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ನಾನು ಬೇರೆ ಊರಿನ ಸಣ್ಣ ಪ್ಲಾಂಟಲ್ಲಿ ಶಿಫ್ಟ್ ಮಾಡ್ತೀನಿ. ದಿನಾ ಗಾಳಿ ಬಿಡೋ ಟ್ಯಾಂಕಿಂದ ಒಂದ್ ಲೀಟರ್ ಜಾರಲ್ಲಿ ನೀರು ಹಿಡಿದು 30 ನಿಮಿಷ ಅಲ್ಲಾಡಿಸ್ದೆ ಇಡ್ತೀವಿ, ಕಂದು ಕೆಸರು ತಳಕ್ಕೆ ಕೂತು ಮೇಲೆ ತಿಳಿ ನಿಂತು ಹಸಿ ಮಣ್ಣಿನ ವಾಸನೆ ಬಂದ್ರೆ ಕೊಳೆ ತಿನ್ನೋ ಬ್ಯಾಕ್ಟೀರಿಯಾ ಚೆನ್ನಾಗಿವೆ. ಕಪ್ಪಾಗಿ ಕೊಳೆತ ಮೊಟ್ಟೆ ನಾತ ಬಂತು ಅಂದ್ರೆ ಗಾಳಿ ಸಾಲ್ತಿಲ್ಲ. ಕರೆಂಟ್ ಹೋಗಿ, ಜನರೇಟರಿಗೆ ಡೀಸೆಲ್ಲೂ ಇಲ್ದೆ ಗಾಳಿ ಊದೋ ಬ್ಲೋವರ್ ನಿಂತ್ರೆ ಕೆಲವು ಗಂಟೆಲೇ ಕೆಡುತ್ತೆ, ಮತ್ತೆ ಹದಕ್ಕೆ ಬರೋಕೆ ದಿನಗಟ್ಲೆ ಬೇಕು. ಕಟ್ಟೋಕೆ ದುಡ್ಡು ಕೊಡ್ತಾರೆ, ನಡೆಸೋಕೆ ಕೊಡಲ್ಲ, ಅದೇ ನನ್ನ ಸಂಕಟ.

ಕೋಲಾರ_ರೈತ: ದಂಡ ಅನ್ಬೇಡಿ ಸ್ವಾಮಿ. 2018ರ ಜೂನಲ್ಲಿ ಕೆ.ಸಿ. ವ್ಯಾಲಿಲಿ ಶುದ್ಧ ಮಾಡಿದ ನೀರೇ ಪೈಪಲ್ಲಿ ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂತು, ಒಂದು ಕೆರೆ ಕೋಡಿ ಬಿದ್ದು ಇನ್ನೊಂದಕ್ಕೆ ಹರೀತು. ಯೋಜನೆ ಲೆಕ್ಕ ದಿನಕ್ಕೆ 44 ಕೋಟಿ ಲೀಟರ್. ಸಾವಿರ ಅಡಿ ಕೊರೆಸಿದ್ರೂ ಬರೀ ಧೂಳು ಬರ್ತಿದ್ದ ಸೀಮೆ ಇದು, ಬತ್ತಿದ್ದ ಬೋರ್‌ಗಳಲ್ಲಿ ನೀರು ಬಂತು.

ಮುಳಬಾಗಿಲು_ಸವಿತಾ: ಅಣ್ಣಾ, ನೀರು ಬಂದಿದ್ದು ನಿಜ, ಆದ್ರೆ ಮುಂದಿನ ತಿಂಗಳೇ ಅಲ್ಲಿ ನೊರೆ ಕಾಣಿಸ್ಕೊಂಡು ಹೈಕೋರ್ಟ್ ತಡೆ ಕೊಟ್ಟಿದ್ದೂ ನಿಜ. ನಮಗೆ ಬರೋದು ಎರಡನೇ ಹಂತದ ನೀರು, ಅಂದ್ರೆ ಬ್ಯಾಕ್ಟೀರಿಯಾ ಕೊಳೆ ತಿನ್ನೋ ತನಕ ಮಾತ್ರ ಶುದ್ಧ ಮಾಡಿದ್ದು. ಫಾಸ್ಫರಸ್, ನೈಟ್ರೋಜನ್ ಉಳ್ಕೊಂಡ್ರೆ ಕೆರೆ ತುಂಬ ಪಾಚಿ, ಕಳೆ. ಅದೇ ನೀರು ನೆಲಕ್ಕಿಳಿದು ನಾವು ಕುಡಿಯೋ ಬೋರ್‌ಗೂ ಬರುತ್ತೆ ಅಲ್ವಾ? ಇವನ್ನೂ ತೆಗೆಯೋ ಮೂರನೇ ಹಂತ ಮಾಡ್ಲೇಬೇಕು, ಬಾಯಾರಿದೋರು ಅಂತ ಏನ್ ಬೇಕಾದ್ರೂ ಕೊಡೋದಾ?

ಕೋಲಾರ_ರೈತ: ಮೂರನೇ ಹಂತ ಬೇಡ ಅಂದ್ನಾ ತಾಯಿ? ಕೇಳೋಣ, ಒಟ್ಟಿಗೇ ಕೇಳೋಣ. ಅದು ಬರೋ ತನಕ ಪೈಪ್ ಮುಚ್ಚಿ ಅನ್ನೋದಕ್ಕೆ ಮಾತ್ರ ನಾನು ಒಪ್ಪಲ್ಲ.

ಹೊಸೂರು_ಕನ್ನಡಿಗ: ನಮ್ಮನ್ನೂ ಲೆಕ್ಕಕ್ಕೆ ತಗೊಳ್ಳಿ. ಬೆಳ್ಳಂದೂರು ನೀರು ಹರಿದು ಸೇರೋ ವರ್ತೂರು ಕೆರೆ ಕೋಡಿ ನೀರು ದಕ್ಷಿಣ ಪಿನಾಕಿನಿಗೆ ಸೇರಿ ಇಲ್ಲಿ ಕೆಲವರಪಳ್ಳಿ ಡ್ಯಾಮಿಗೆ ಬರೋದು. ಗೇಟ್ ತೆಗೆದಾಗ ನದಿ ತುಂಬ ನೊರೆ. ನೀವು ಮೇಲೆ ಬಿಟ್ಟಿದ್ದು ಕೆಳಗೆ ನಮ್ಮ ಗದ್ದೆಗೆ.

ಆಪರೇಟರ್_ಮಂಜು: ಸವಿತಾ ಅಕ್ಕ ಹೇಳಿದ್ದು ಸರಿ. 2019ರಲ್ಲಿ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಶುದ್ಧ ಮಾಡಿದ ನೀರಲ್ಲಿ ಬಿಒಡಿ, ಅಂದ್ರೆ ಉಳಿದ ಕೊಳೆ ಎಷ್ಟು ಆಮ್ಲಜನಕ ಎಳೆಯುತ್ತೆ ಅನ್ನೋ ಲೆಕ್ಕ, ಲೀಟರಿಗೆ 10 ಮಿಲಿಗ್ರಾಂ ಒಳಗೆ ಇರ್ಬೇಕು ಅಂತ ಹೇಳಿದೆ. ಇನ್ನೊಂದು, ಫ್ಯಾಕ್ಟರಿ ನೀರು ಕದ್ದು ಚರಂಡಿಗೆ ಬಿಟ್ರೆ ನಮ್ಮ ಬ್ಯಾಕ್ಟೀರಿಯಾ ಲೋಹನ ತಿಂದು ಕರಗಿಸಲ್ಲ, ಒಂದಷ್ಟು ಕೆಸರಿಗೆ ಅಂಟ್ಕೊಳ್ಳುತ್ತೆ, ಉಳಿದಿದ್ದು ನೀರಲ್ಲೇ ಹೋಗುತ್ತೆ.

ವರ್ತೂರು_ನಿವಾಸಿ: ಸರಿ ಮಂಜು, ನಮ್ಮ ಬೀದಿ ನೀರು ಪ್ಲಾಂಟಿಗೆ ಹೋಗ್ತಿದ್ಯಾ ಅಂತ ತಿಳ್ಕೊಳ್ಳೋದು ಹೆಂಗೆ?

ಆಪರೇಟರ್_ಮಂಜು: ಮಳೆ ಇಲ್ದಿರೋ ಮಾರ್ಚ್ ಏಪ್ರಿಲಲ್ಲಿ ಮಳೆನೀರು ಚರಂಡಿ ನೋಡಿ. ಬೆಳಿಗ್ಗೆ ಏಳೆಂಟು ಗಂಟೆಗೆ ಬೂದು ಬಣ್ಣದ ನೀರು ಜೋರಾಗಿ ಹರೀತಿದ್ರೆ ಅದು ಮನೆಗಳದ್ದೇ. ವಿಡಿಯೋ ಮಾಡಿ ಜಲಮಂಡಳಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ನಂಬರ್ ಇಸ್ಕೊಳ್ಳಿ.