ಮಗನಿಗೆ ಕನ್ನಡ ಸಿನಿಮಾ ತೋರಿಸ್ಬೇಕು, ಯಾವುದು? (ಉತ್ತರ ಕನ್ನಡದವರ ಗುಂಪು)

ಶಿರಸಿ ಕೂಸು, ಮ್ಯೂನಿಕ್: ಮಗನಿಗೆ ಆರು ವರ್ಷ. ಶಿರಸಿಯಿಂದ ಅಜ್ಜಿ ವಿಡಿಯೊ ಕಾಲ್ ಮಾಡಿ "ಆಸ್ರಿಗೆ ಆತನಾ ಅಪ್ಪಿ" (ತಿಂಡಿ ಆಯ್ತಾ ಮಗನೇ) ಅಂದ್ರೆ ತಲೆ ಅಲ್ಲಾಡಿಸಿ ಓಡಿಹೋಗ್ತಾನೆ. ಹೇಗೂ ಟೀವಿ ನೋಡ್ತಾನೆ, ಕನ್ನಡದ್ದೇ ನೋಡ್ಲಿ ಅಂತ ಎರಡೆರಡು ಒಟಿಟಿಗೆ ದುಡ್ಡು ಕಟ್ಟಿದ್ದೇನೆ. ಕಿಡ್ಸ್ ಪ್ರೊಫೈಲಿನಲ್ಲಿ ಹುಡುಕಿದರೆ ಕನ್ನಡದ್ದು ಒಂದೂ ಇಲ್ಲ. ನನ್ನದರಲ್ಲಿ ಕಾಂತಾರ ಸಿಕ್ಕಿತು, ಹಾಕಿದರೆ ಅದರ ಹೀರೊ ಶಿವ ಹಿಂದಿ ಮಾತಾಡ್ತಾನೆ! ಮಕ್ಕಳು ನೋಡುವಂಥದ್ದು ಏನಿದೆ? ನೀವೆಲ್ಲ ಹೇಗೆ ಮಾಡ್ತೀರಿ?

ಕಾರವಾರ ಕಡಲು, ದುಬೈ: ಆರು ವರ್ಷದ ಮಗುವಿಗೆ ಕಾಂತಾರ ಎಂತಕ್ಕೆ ತಂಗಿ? ಅದರಲ್ಲಿ ಗುಳಿಗ ದೈವ ಕೂಗಿದರೆ ನನ್ನ ಹೆಂಡತಿಯೇ ಮುಖಕ್ಕೆ ದಿಂಬು ಒತ್ತಿಕೊಳ್ತಾಳೆ.

ಕುಮಟೆಯಂವ, ಡಲ್ಲಾಸ್: ಒಂದೇ ಸಿನಿಮಾದ ಕನ್ನಡ, ಹಿಂದಿ ಹಕ್ಕು ಬೇರೆಬೇರೆಯವರಿಗೆ ಹೋಗಿರ್ತದೆ. ಕಾಂತಾರ ಕನ್ನಡದಲ್ಲಿ ಪ್ರೈಮ್‌ಗೆ ಬಂದದ್ದು 2022ರ ನವೆಂಬರ್ 24ಕ್ಕೆ, ಹಿಂದಿಯದ್ದು ಡಿಸೆಂಬರ್ 9ಕ್ಕೆ ನೆಟ್‌ಫ್ಲಿಕ್ಸ್‌ಗೆ. ನೀವು ಹಾಕಿದ್ದು ಎರಡನೇದು ಇರ್ಬೇಕು. ಕಿಡ್ಸ್ ಪ್ರೊಫೈಲು ವಯಸ್ಸಿನ ಗುರುತು ನೋಡಿ ಸೋಸ್ತದೆ, ದೊಡ್ಡವರಿಗೆ ಅಂತ ಗುರುತಿದ್ದದ್ದು ಹೊರಗೇ ಉಳೀತದೆ. ಮಗನಿಗೆ ಮಾಮೂಲಿ ಪ್ರೊಫೈಲ್ ಮಾಡಿ, ವಯಸ್ಸಿನ ಮಿತಿ ನೀವೇ ಇಡಿ, ನಿಮ್ಮದಕ್ಕೆ ಪಿನ್ ಹಾಕಿ. ಮೊದಲು ಗಂಧದ ಗುಡಿ ತೋರಿಸಿ, ಪುನೀತ್ ಅವರದ್ದು, 2023ರ ಮಾರ್ಚ್‌ನಲ್ಲಿ ಪ್ರೈಮ್‌ಗೆ ಬಂತು. ಕತೆ ಹಿಡಿಯುವ ಕಷ್ಟ ಇಲ್ಲ, ಕಾಡು, ಪ್ರಾಣಿ, ನೇತ್ರಾಣಿ ದ್ವೀಪದ ಹತ್ರ ಸಮುದ್ರದ ತಳ. ನಿಮ್ಮಲ್ಲಿ ಸಿಗ್ತದೋ ನೋಡಿಕೊಳ್ಳಿ, ದೇಶದಿಂದ ದೇಶಕ್ಕೆ ಪಟ್ಟಿ ಬೇರೆ. ಹಾಕಿಕೊಟ್ಟು ಅಡಿಗೆಮನೆಗೆ ಹೋಗ್ಬೇಡಿ, ಪಕ್ಕ ಕೂತು ಮಾತಾಡಿಸಿ. ಸು ಫ್ರಮ್ ಸೋ ಅಂತ ದೆವ್ವದ ಕಾಮಿಡಿ ಸಿನಿಮಾ ಚೆನ್ನಾಗಿದೆ, ಆದ್ರೆ ಅವ ಸ್ವಲ್ಪ ದೊಡ್ಡವನಾಗ್ಲಿ.

ಹೊನ್ನಾವರ, ಸಿಡ್ನಿ: ನೇತ್ರಾಣಿ ಅಂದ್ರಲ್ಲ, ನಮ್ಮ ಹೊನ್ನಾವರದ ಶಂಕರನಾಗ್ 1980ರ ದಶಕದಲ್ಲೇ ಮಾಲ್ಗುಡಿ ಡೇಸ್ ಮಾಡಿಟ್ಟು ಹೋಗಿದ್ದ. ಈಗಿನ ಸೀರೀಸು ಅದರ ಮುಂದೆ ಎಂತದೂ ಅಲ್ಲ. ನನ್ನ ಮಗಳಿಗೆ ಅದನ್ನೇ ತೋರಿಸಿದ್ದು.

ಕಾರವಾರ ಕಡಲು: ಅದು ಹಿಂದಿ, ಇಂಗ್ಲಿಷಲ್ಲಿ ಅಲ್ವೋ ಮಾರಾಯ?

ಹೊನ್ನಾವರ: ಶೂಟಿಂಗ್ ಆದ ಆಗುಂಬೆಯ ಮಳೆ ಕನ್ನಡದ್ದೇ.

ಸಿದ್ದಾಪುರ ಭಟ್ರು, ನ್ಯೂಜೆರ್ಸಿ: ಗುಂಪಿನಲ್ಲಿ ಹಳಬ, ನೇರವಾಗಿ ಹೇಳ್ತೆ. ಟೀವಿ ನೋಡಿ ಯಾವ ಮಗುವಿಗೂ ಭಾಷೆ ಬಂದದ್ದಿಲ್ಲೆ. ರಜೆಯಲ್ಲಿ ಊರಿಗೆ ಕಳಿಸಿ. ತೋಟಕ್ಕೆ ಹೋಗಿ ಬಂದು, ಕೊಟ್ಟಿಗೆಯಲ್ಲಿ ಕರು ಹಿಡ್ಕಂಡು ನಿಂತರೆ ತಾನಾಗಿ ಬತ್ತು. ನನ್ನ ಮಗ ಈಗ ಯಕ್ಷಗಾನ ನೋಡಿ ನಂಗೇ ಅರ್ಥ ಹೇಳ್ತ. ಆ ಒಟಿಟಿ ಬಂದ್ ಮಾಡಿ, ಟಿಕೆಟ್ ತೆಗೀರಿ.

ಕಾರವಾರ ಕಡಲು: ಒಟಿಟಿ ದುಡ್ಡಲ್ಲಿ ಯಾವ ವಿಮಾನ ಹತ್ತೋದು ಭಟ್ರೇ? ನಮ್ಮ ಮನೆಯಲ್ಲಿ ಕೊಂಕಣಿ. ನನ್ನ ಕನ್ನಡ ಅರ್ಧ ಶಾಲೆಯದ್ದು, ಅರ್ಧ ಟಾಕೀಸಿಂದು.

ಭಟ್ರು: ಟಾಕೀಸು ಬೇರೆ, ಇದು ಬೇರೆ.

ಯಲ್ಲಾಪುರ, ಲಂಡನ್: ಭಟ್ರು ಹೇಳಿದ್ದೇ ಸರಿ. ನಾವು ಕಳಿಸ್ಲಿಲ್ಲ, ಪಿಯಾನೊ ಕ್ಲಾಸು, ಈಜು ಅಂತ ರಜೆಯೆಲ್ಲ ಹೋಯ್ತು. ಅಮ್ಮ ತೀರಿಕೊಂಡಾಗ ಊರಿಗೆ ಹೋದರೆ, ಮಾತಾಡಿಸಲು ಬಂದ ನೆಂಟರೆಲ್ಲ ಮಗಳ ಎದುರು ಇಂಗ್ಲಿಷ್ ಹುಡುಕ್ತಾ ಇದ್ರು. ಅವಳು ಮೊಮ್ಮಗಳು.

ಶಿರಸಿ ಕೂಸು: ಕಳಿಸೋ ಆಸೆ ನಂಗೂ ಇದೆ. ಇಲ್ಲಿ ದೊಡ್ಡ ರಜೆ ಆಗಸ್ಟ್‌ನಲ್ಲಿ. ಆಗ ಶಿರಸಿಯಲ್ಲಿ ಜಡಿಮಳೆ, ಉಂಬಳ (ಜಿಗಣೆ), ಕರೆಂಟಿಲ್ಲ.

ಭಟ್ರು: ಕರೆಂಟಿಲ್ಲದ್ದೇ ಒಳ್ಳೇದು! ಹಲಸಿನ ಹಪ್ಪಳ ಸುಟ್ಕಂಡು ಅಜ್ಜಿ ಹತ್ರ ಕತೆ ಕೇಳ್ಲಿ.

ಹೊನ್ನಾವರ: ಹಪ್ಪಳ ಅಂದ್ರಲ್ಲ, ಊರಿಂದ ಸಿಡ್ನಿಗೆ ಯಾರಾದ್ರೂ ಬರೋದಿದ್ರೆ ಹೇಳಿ. ನಮ್ಮ ಕಡೆಯ ಸಿಹಿತಿಂಡಿ ತೊಡದೇವು ಒಂದು ಕಟ್ಟು ಬೇಕಿತ್ತು.